ಎಂಟುನೂರ ನಲವತ್ತೊಂದರ ಬಾಲ

1995ರ ಮಾರ್ಚ್‌ನಲ್ಲಿ ಮದ್ದೂರು ವಲಯದ ಕಾಡಿಗೆ ಬೆಂಕಿ ಬಿದ್ದು ನಾಲ್ಕು ದಿನ ಉರಿಯಿತು. ಬೆಂಕಿ ಆರಿದ ಮೇಲೆ ಎಷ್ಟು ಕಾಡು ಹೋಗಿದೆಯೆಂದು ನೋಡಿಬರಲು ಹೋದ ವಾಚರ್ ರಾಜಣ್ಣನಿಗೆ ಒಂದು ಹಳ್ಳದ ದಡದಲ್ಲಿ ತಗಡಿನ ದೊಡ್ಡ ವಸ್ತುವೊಂದು ಕಾಣಿಸಿತು. ಅಲ್ಲಿ ಅದುವರೆಗೆ ಆನೆಯೂ ನುಗ್ಗದಷ್ಟು ದಟ್ಟವಾದ ಬಿದಿರ ಮೆಳೆ ಇತ್ತು. ಈಗ ಮೆಳೆ ಬೂದಿಯಾಗಿತ್ತು. ಎರಡು ಬಂಡೆಗಳ ನಡುವೆ ಸಿಕ್ಕಿಕೊಂಡು, ಎತ್ತಿನ ಗಾಡಿಗಿಂತ ಉದ್ದವಾದ ಆ ವಸ್ತು ಓರೆಯಾಗಿ ನಿಂತಿತ್ತು. ಬಂಡೆಗೆ ಒತ್ತಿಕೊಂಡಿದ್ದ ಮಗ್ಗುಲಲ್ಲಿ ಹಳೆಯ ಹಸಿರು ಬಣ್ಣ ಉಳಿದಿತ್ತು. ಅದರ ಮೇಲೆ ಕಪ್ಪಿನಲ್ಲಿ ಮೂರು ಅಂಕಿ. ರಾಜಣ್ಣ ಅವನ್ನು ಬೀಡಿ ಕಟ್ಟಿನ ಕಾಗದದ ಮೇಲೆ ಬರೆದುಕೊಂಡ: 841.

ಎರಡು ದಿನದ ಮೇಲೆ ಆ ಕಾಗದ ಗುಂಡ್ಲುಪೇಟೆಯ ಅರಣ್ಯ ಕಚೇರಿಗೆ ಬಂತು. ಅಲ್ಲಿ ವರದಿ ಟೈಪ್ ಮಾಡುವ ಕೆಲಸ ಗುಮಾಸ್ತೆ ನಾಗಮಣಿಯದು. ಸುಟ್ಟ ಹೆಕ್ಟೇರುಗಳ ಲೆಕ್ಕವನ್ನು ಬೇಗ ಬೇಗ ಟೈಪ್ ಮಾಡಿ ಮುಗಿಸಿ, ಕೊನೆಯ ಸಾಲಿಗೆ ಬಂದು, ಅವಳು ಟೈಪ್‌ರೈಟರಿನಿಂದ ಕೈ ತೆಗೆದಳು. ಆ ಸಂಖ್ಯೆಯನ್ನು ಅವಳು ಹುಟ್ಟಿದಾಗಿನಿಂದ ಕೇಳಿದ್ದಳು.

ಸಂಜೆ ಆಫೀಸು ಬಿಟ್ಟವಳು ನೇರ ಊಟಿ ರಸ್ತೆಯ ಅಪ್ಪನ ಅಂಗಡಿಗೆ ಹೋದಳು. ಅಪ್ಪ ಚೆಲುವಯ್ಯ ಪಂಪ್‌ಸೆಟ್ ರಿಪೇರಿ ಮಾಡುವವನು. ಎಪ್ಪತ್ತೆರಡು ವರ್ಷವಾಗಿದ್ದರೂ ಅಂಗಡಿ ಬಿಟ್ಟಿರಲಿಲ್ಲ.

"ಅಪ್ಪ, ನಿಮ್ಮ ಏರೋಪ್ಲೇನು ಸಿಕ್ತು," ಎಂದಳು.

ಚೆಲುವಯ್ಯ ಕೈಲಿದ್ದ ಸ್ಪ್ಯಾನರ್ ಕೆಳಗಿಡಲಿಲ್ಲ. "ಯಾವ್ದು?"

"ಎಂಟುನೂರ ನಲವತ್ತೊಂದು. ಮದ್ದೂರು ಕಾಡ್ಲಿ. ಬಾಲದ ಕಡೆ ಭಾಗ ಅಂತೆ."

"ಬಾಲ ಸುಟ್ಟೋಯ್ತು ಅಂತ ಬರ್ದಿದ್ರಲ್ಲ ಅವತ್ತು."

"ಸುಟ್ಟಿಲ್ಲ. ನಮ್ಮ ರಾಜಣ್ಣ ಕಣ್ಣಾರ ನೋಡವ್ನೆ. ಹೋಗಿ ನೋಡ್ಕ ಬರನ."

ಚೆಲುವಯ್ಯ ನಟ್ಟನ್ನು ಇನ್ನೆರಡು ಸುತ್ತು ಬಿಗಿ ಮಾಡಿದ. "ಏನ್ ನೋಡದು ಈಗ. ಬುಡು," ಎಂದ.

ಚೆಲುವಯ್ಯನ ಈ ಸಂಗತಿ ಗೊತ್ತಿಲ್ಲದವರು ಆ ಬೀದಿಯಲ್ಲಿ ಕಡಿಮೆ. ಬೆನ್ನ ಹಿಂದೆ ಅವನನ್ನು ಏರೋಪ್ಲೇನ್ ಚೆಲುವಯ್ಯ ಎನ್ನುತ್ತಿದ್ದರು. ಅದು ಹೊಗಳಿಕೆಯಾಗಿರಲಿಲ್ಲ.

1942ರಲ್ಲಿ, ಹತ್ತೊಂಬತ್ತನೆಯ ವಯಸ್ಸಿಗೆ, ತೆರಕಣಾಂಬಿಯ ಗೌಡರ ಹೊಲದ ಕೂಲಿ ಬಿಟ್ಟು ಅವನು ಮೈಸೂರಿಗೆ ನಡೆದು ಹೋಗಿ ವಾಯುಪಡೆಗೆ ಸೇರಿದ. ವಿಮಾನದ ಮೈ, ರೆಕ್ಕೆ, ಹಗ್ಗಗಳನ್ನು ನೋಡಿಕೊಳ್ಳುವ ಕೆಲಸ ಕಲಿತ. 1945ರಲ್ಲಿ ಬೆಂಗಳೂರಿನ ಹೊರಗಿನ ಒಂದು ವಿಮಾನ ನಿಲ್ದಾಣದಲ್ಲಿದ್ದ. ಅಲ್ಲಿದ್ದ ವಿಮಾನಗಳಲ್ಲಿ ಒಂದು ಎಂಟುನೂರ ನಲವತ್ತೊಂದು. ಎರಡು ಸೀಟಿನ ಬಾಂಬರ್. ಅಷ್ಟು ಹೊತ್ತಿಗೆ ಅದನ್ನು ಬಾಂಬು ಹಾಕುವುದಕ್ಕೆ ಬಳಸುತ್ತಿರಲಿಲ್ಲ. ಹಿಂದೆ ಉದ್ದ ಹಗ್ಗಕ್ಕೆ ಬಟ್ಟೆಯ ಚೀಲ ಕಟ್ಟಿಕೊಂಡು ಹಾರುತ್ತಿತ್ತು. ಹಡಗಿನ ಸಿಪಾಯಿಗಳು ಆ ಚೀಲಕ್ಕೆ ಗುಂಡು ಹೊಡೆದು ಗುರಿ ಕಲಿಯುತ್ತಿದ್ದರು.

ಜೂನ್ ಹನ್ನೊಂದರಂದು ಚೆಲುವಯ್ಯ ಅದರ ಬಾಲದೊಳಗಿನ ಉಕ್ಕಿನ ಹಗ್ಗವೊಂದನ್ನು ಬದಲಾಯಿಸಿದ. ವಿಮಾನದ ಮೂತಿಯನ್ನು ಮೇಲೆ ಕೆಳಗೆ ಮಾಡುವುದು ಆ ಹಗ್ಗವೇ. ಅದನ್ನು ಬಿಗಿ ಮಾಡಲು ನಡುವೆ ಒಂದು ತಿರುಪು ಇರುತ್ತದೆ. ಹಾರುವಾಗಿನ ನಡುಕಕ್ಕೆ ತಿರುಪು ಬಿಚ್ಚಿಕೊಳ್ಳದಂತೆ ಅದಕ್ಕೆ ಸಣ್ಣ ಹಿತ್ತಾಳೆ ತಂತಿ ಸುತ್ತಿ ಕಟ್ಟಬೇಕು. ಒಬ್ಬ ಕಟ್ಟಬೇಕು, ಮೇಲಿನವನೊಬ್ಬ ನೋಡಿ ಪುಸ್ತಕದಲ್ಲಿ ಸಹಿ ಮಾಡಬೇಕು. ಸಹಿ ಮಾಡಿದವನು ಚಾಮರಾಜನಗರದ ಕಡೆಯ ಕುದೇರಿನ ಪುಟ್ಟಮಲ್ಲಪ್ಪ. ಆಗ ಕಾರ್ಪೊರಲ್ ಆಗಿದ್ದ.

ಹದಿನಾಲ್ಕರಂದು ವಿಮಾನ ಕೊಚ್ಚಿಗೆ ಹೊರಟಿತು. ನೀಲಗಿರಿಯ ಮೇಲೆ ಮೋಡ ಕಟ್ಟಿದ್ದರಿಂದ ಪಶ್ಚಿಮಕ್ಕೆ ತಿರುಗಿತು. ಮದ್ದೂರು ಕಾಡಿನಲ್ಲಿ ಮರ ಕಡಿಯುತ್ತಿದ್ದವರು ಅದು ಮೋಡದಿಂದ ತಲೆಕೆಳಗಾಗಿ ಇಳಿದದ್ದನ್ನು ಕಂಡರು. ಇಪ್ಪತ್ತೆರಡು ವರ್ಷದ ಇಂಗ್ಲಿಷ್ ಪೈಲಟ್ ಮತ್ತು ಹಿಂದಿನ ಸೀಟಿನಲ್ಲಿದ್ದ ಪಂಜಾಬಿನ ಸಿಪಾಯಿ ಇಬ್ಬರೂ ಸತ್ತರು. ಹುಡುಕಲು ಹೋದ ತಂಡ ಮಳೆಯಲ್ಲಿ ಎರಡು ದಿನ ನಡೆದು ದೇಹಗಳನ್ನು ತಂದಿತು. ಮುಂಭಾಗ ಉರಿದು ಕರಗಿತ್ತು. ಬಾಲವೂ ಅದರಲ್ಲೇ ಸುಟ್ಟುಹೋಗಿರಬೇಕೆಂದು ಬರೆದರು. ಯಾರೂ ಅದನ್ನು ಹುಡುಕಲಿಲ್ಲ.

ವಿಚಾರಣೆ ಒಂದೇ ದಿನದಲ್ಲಿ ಮುಗಿಯಿತು. ಮೂತಿ ಕೆಳಗಾಗಿ ಬಿತ್ತೆಂದರೆ ಬಾಲದ ಹಗ್ಗ ಸಡಿಲವಾಗಿದೆ. ಹಗ್ಗ ಸಡಿಲವಾಯಿತೆಂದರೆ ತಂತಿ ಕಟ್ಟಿಲ್ಲ ಎಂದು ಅಧಿಕಾರಿಗಳು ತೀರ್ಮಾನಿಸಿದರು. ಪುಟ್ಟಮಲ್ಲಪ್ಪನನ್ನು ಕೇಳಿದಾಗ, ತಾನು ನೋಡಿದಾಗ ತಂತಿ ಇತ್ತು, ಮಾರನೆಯ ಬೆಳಿಗ್ಗೆ ಚೆಲುವಯ್ಯ ಬಿಗಿ ಸರಿಮಾಡಲೆಂದು ಅದನ್ನು ಮತ್ತೆ ಬಿಚ್ಚಿದ, ಆಮೇಲಿನದು ತನಗೆ ಗೊತ್ತಿಲ್ಲ ಎಂದ. ತಾನು ಬಿಚ್ಚಲೇ ಇಲ್ಲವೆಂದು ಚೆಲುವಯ್ಯ ಹೇಳಿದ. ತೋಳಿನ ಮೇಲೆ ಎರಡು ಪಟ್ಟಿ ಇದ್ದವನ ಮಾತು ನಿಂತಿತು. ಚೆಲುವಯ್ಯನಿಗೆ ಇಪ್ಪತ್ತೆಂಟು ದಿನ ಕತ್ತಲೆ ಕೋಣೆ. ಆಮೇಲೆ ವಜಾ.

ಇಷ್ಟನ್ನು ನಾಗಮಣಿ ಬಲ್ಲಳು. ಬಾಲ ಸಿಕ್ಕಿದೆ ಎಂದರೆ ಅಪ್ಪ ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಡುತ್ತಾನೆ ಎಂದುಕೊಂಡಿದ್ದಳು. ಅವನು ಎರಡು ದಿನ ಆ ಮಾತೇ ಎತ್ತಲಿಲ್ಲ. ಮೂರನೆಯ ದಿನ ಮುದ್ದೆ ಮುರಿಯುತ್ತಾ ಕೇಳಿದ.

"ಅಮ್ಮಿ, ಅಲ್ಲಿ ಓಗಿ ನೋಡ್ದಾಗ ತಂತಿ ಇಲ್ದೆ ಓದ್ರೆ?"

"ನೀವೇ ಕಟ್ಟಿದ್ರಿ ಅಂದ್ರಲ್ಲ ಅಪ್ಪ."

"ಕಟ್ಟಿದ್ದಿ. ಮೊದಲ್ನೇ ಅತ್ತು ವರ್ಸ ಗ್ಯಾನ ಇತ್ತು. ಕೈಲಿ ಹಿಡ್ದಿದ್ದು, ತಿರುಗ್ಸಿದ್ದು, ತುದಿ ಮಡಿಸಿದ್ದು. ಆಮೇಕೆ ಜನ ಯೋಳಿ ಯೋಳಿ, ನಂಗೇ ಅನ್ಸಕ್ ಸುರುವಾಯ್ತು. ಆವತ್ತು ಕಟ್ಟಿದ್ದು ಆ ಇಮಾನುಕ್ಕೋ, ಪಕ್ಕದ ಇಮಾನುಕ್ಕೋ ಅಂತ. ಈಗ ಕಣ್ ಮುಚ್ಚುದ್ರೆ ಎರಡೂ ಕಾಣ್ತದ. ಕಟ್ಟಿರದೂ ಕಾಣ್ತದ, ಕಟ್ದೆ ಇರದೂ ಕಾಣ್ತದ."

ಅಪ್ಪ ರಿಪೇರಿ ಮುಗಿದ ಪಂಪನ್ನು ರೈತ ಬಂದು ಒಯ್ಯುವ ಮೊದಲು ಇನ್ನೊಮ್ಮೆ ಬಿಚ್ಚಿ ನೋಡುತ್ತಿದ್ದುದು ನಾಗಮಣಿಗೆ ಗೊತ್ತಿತ್ತು. ಅದನ್ನು ಅವನ ಶಿಸ್ತು ಎಂದು ತಿಳಿದಿದ್ದಳು.

ಊಟ ಮುಗಿಸಿ ಕೈ ತೊಳೆದ ಮೇಲೆ ಚೆಲುವಯ್ಯ ಹೇಳಿದ: "ಓಗನ. ಆದ್ರೆ ಕಾರ್ಪ್ರಲ್ಲೂ ಬರ್ಬೇಕು. ನಾನೊಬ್ಬ ಓಗಿ ನೋಡ್ದಿ ಅಂದ್ರೆ ಯಾರ್ ನಂಬರು? ಸಹಿ ಆಕ್ದೋನು ಅವ್ನು. ಅವ್ನು ಬರ್ದಿದ್ರೆ ನಾನೂ ಬರಕಿಲ್ಲ."

ಭಾನುವಾರ ನಾಗಮಣಿ ಚಾಮರಾಜನಗರಕ್ಕೆ ಹೋಗಿ, ಅಲ್ಲಿಂದ ಕುದೇರಿನ ಬಸ್ಸು ಹಿಡಿದಳು. ಪುಟ್ಟಮಲ್ಲಪ್ಪನ ಮನೆ ಕೇಳಿದರೆ ಯಾರಾದರೂ ತೋರಿಸುತ್ತಿದ್ದರು. ಅವನು ಇಪ್ಪತ್ತಮೂರು ವರ್ಷ ಸೇವೆ ಮಾಡಿ, ವಾರಂಟ್ ಆಫೀಸರ್ ಆಗಿ ನಿವೃತ್ತನಾಗಿ ಬಂದವನು. ಆಗಸ್ಟ್ ಹದಿನೈದಕ್ಕೆ ಸ್ಕೂಲಿನಲ್ಲಿ ಬಾವುಟ ಹಾರಿಸಲು ಅವನನ್ನೇ ಕರೆಯುತ್ತಿದ್ದರು. ಜಗಲಿಯ ಮೇಲೆ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಿದ್ದ. ಹಣೆಯಲ್ಲಿ ವಿಭೂತಿ, ಮೈಮೇಲೆ ಇಸ್ತ್ರಿ ಮಾಡಿದ ಅಂಗಿ.

"ನಾನು ಚೆಲುವಯ್ಯನ ಮಗಳು ಸಾರ್," ಎಂದಳು.

"ಯಾವ ಚೆಲುವಯ್ಯ?"

"ಎಂಟುನೂರ ನಲವತ್ತೊಂದು."

ಪುಟ್ಟಮಲ್ಲಪ್ಪ ಪೇಪರನ್ನು ನಾಲ್ಕು ಮಡಿಕೆ ಮಾಡಿ ತೊಡೆಯ ಮೇಲಿಟ್ಟುಕೊಂಡ. "ಇನ್ನೂ ಬದುಕವ್ನಾ?"

"ಅವ್ರೆ."

ಅವಳು ಬಾಲ ಸಿಕ್ಕ ವಿಷಯ ಹೇಳಿದಳು. ಆ ವಸ್ತು ಏನೆಂದು ತಿಳಿದವರೊಬ್ಬರು ಬಂದು ಗುರುತಿಸಿ ಬರೆದುಕೊಡಬೇಕೆಂದು ವಲಯ ಅರಣ್ಯಾಧಿಕಾರಿಯೂ ಕೇಳಿದ್ದಾರೆ, ಇಲಾಖೆಯ ಜೀಪಿನಲ್ಲಿ ಕರೆದೊಯ್ಯುತ್ತಾರೆ ಎಂದಳು. ಪುಟ್ಟಮಲ್ಲಪ್ಪ ಎಲ್ಲಕ್ಕೂ ತಲೆಯಾಡಿಸಿದ.

"ನಂಗೆ ಮಂಡಿ ಇಲ್ಲ ಕಣವ್ವ. ಕಾಡು, ಹಳ್ಳ ಅಂದ್ರೆ ಆಗಕಿಲ್ಲ. ಬೆಂಗಳೂರ್ಗೆ ಬರೀರಿ, ವಾಯುಪಡೆಯೋರು ಯಾರಾರ ಬತ್ತರ."

"ನೀವು ಬರದಿದ್ರೆ ಅಪ್ಪನೂ ಬರಲ್ಲ ಅಂದ್ರು."

"ಯಾಕಂತೆ?"

"ಸಹಿ ಹಾಕಿದೋರು ನೀವು ಅಂತ."

ಒಳಗಿನಿಂದ ಸೊಸೆ ರೂಪಶ್ರೀ ಕಾಫಿ ತಂದಳು. ಎರಡು ಲೋಟ, ಎರಡೂ ಒಂದೇ ಥರದ ಸ್ಟೀಲಿನವು. ಕೇರಿಯವರಿಗೆಂದು ಬೇರೆ ಲೋಟ ತಂದಿರಲಿಲ್ಲ. ಪುಟ್ಟಮಲ್ಲಪ್ಪ ಅವನ್ನು ನೋಡಿ, ಒಂದನ್ನು ಎತ್ತಿಕೊಂಡ. ಸೊಸೆ ಒಳಗೆ ಹೋದ ಮೇಲೆ ಕೇಳಿದ: "ಯಾವತ್ತು?"

"ಬುಧವಾರ."

"ಸರಿ ಓಗವ್ವ."

ಬುಧವಾರ ಬೆಳಿಗ್ಗೆ ಗುಂಡ್ಲುಪೇಟೆಯ ಕಚೇರಿಯ ಮುಂದೆ ಇಬ್ಬರೂ ಐವತ್ತು ವರ್ಷದ ಮೇಲೆ ಎದುರಾದರು. ಪುಟ್ಟಮಲ್ಲಪ್ಪ ಕೈಕೋಲು ಹಿಡಿದು ನಿಂತಿದ್ದ. ಚೆಲುವಯ್ಯ ಕೈ ಮುಗಿದು "ನಮಸ್ಕಾರ ಕಾರ್ಪ್ರಲ್ಲು" ಎಂದ. ತನ್ನ ಕೇರಿಯ ವಯಸ್ಸಾದವರು ಮೇಲ್ಜಾತಿಯವರನ್ನು ಕರೆಯುವಂತೆ 'ಬುದ್ದಿ' ಎನ್ನಲಿಲ್ಲ. ತಾನು ಕಾರ್ಪೊರಲ್ ಹುದ್ದೆಯಿಂದ ಮೂರು ಮೆಟ್ಟಿಲು ಮೇಲೆ ಹೋಗಿ ನಿವೃತ್ತನಾದೆ ಎಂದು ಪುಟ್ಟಮಲ್ಲಪ್ಪನೂ ಹೇಳಲಿಲ್ಲ. "ಸಣ್ಣಗಾಗಿದ್ದೀಯ ಕಣ" ಎಂದಷ್ಟೇ ಅಂದು ಜೀಪಿನ ಮುಂದಿನ ಸೀಟಿಗೆ ಹತ್ತಿದ. ಚೆಲುವಯ್ಯ, ನಾಗಮಣಿ, ರಾಜಣ್ಣ ಹಿಂದೆ ಕೂತರು. ಜೀಪು ಓಡಿಸುತ್ತಿದ್ದವನು ವಲಯ ಅರಣ್ಯಾಧಿಕಾರಿ ಗುರುಪಾದಸ್ವಾಮಿ. ಈರುಳ್ಳಿ ಲಾರಿಗಳ ಸಾಲು ದಾಟಿ ಜೀಪು ಕೇರಳದ ರಸ್ತೆಗೆ ತಿರುಗಿತು. ಆಗ ಗುರುಪಾದಸ್ವಾಮಿ ಕೇಳಿದ.

"ಆ ವಿಮಾನ ಮೊದಲಿಂದ್ಲೂ ಕೆಟ್ಟದ್ದಾ ಸಾರ್? ಇಲ್ಲ ಅವತ್ತೊಂದಿನ ಹಾಗಾಯ್ತಾ?"

ಪುಟ್ಟಮಲ್ಲಪ್ಪನಿಗೆ ಈ ಪ್ರಶ್ನೆ ಸುಲಭವಾಗಿತ್ತು. ವಿಮಾನದ ಹಳೆಯ ಪುಸ್ತಕವನ್ನು ಅವನು ಎಷ್ಟೋ ಸಲ ತಿರುವಿ ಹಾಕಿದ್ದ.

"ಮೊದ್ಲಿಂದ್ಲೂವೆ. ಅಮೆರಿಕದಿಂದ ಪೆಟ್ಗೇಲಿ ಬಂದುದ್ದ ಕರಾಚೀಲಿ ಜೋಡಿಸಿದ್ರು. ನಲವತ್ಮೂರ್ನೇ ಇಸ್ವಿ ಅಕ್ಟೋಬರು. ಮೊದಲ್ನೇ ದಿನ ಮೇಲಕ್ಕೆ ಓಗಿದ್ದೇ ಆಯಿಲ್ ಎಲ್ಲಾ ಸೋರೋಯ್ತು. ಮರಳಲ್ಲಿ ಇಳಿಸಿದ್ರು. ಮುಂದ್ಲ ಫ್ಯಾನು ಬಗ್ಗೋಯ್ತು. ಅದ ರಿಪೇರಿ ಮಾಡಿ ಪೇಶಾವರದಲ್ಲಿ ಹೊಸಬ್ರು ಕಲಿಯಕ್ಕೆ ಕೊಟ್ರು. ಅಲ್ಲಿ ಫೆಬ್ರವರೀಲಿ ಇಳಿವಾಗ ಒಂದು ಚಕ್ರ ಮುರ್ದು ರೆಕ್ಕೆ ನೆಲಕ್ಕೆ ಕೆರೀತು."

"ಜನವರಿ," ಎಂದ ಚೆಲುವಯ್ಯ ಹಿಂದಿನಿಂದ.

ಪುಟ್ಟಮಲ್ಲಪ್ಪ ಯೋಚಿಸಿದ. "ಹೂಂ, ಜನವರಿ. ಚಳಿ ಅಂತ ಬರ್ದಿತ್ತು. ಆಮೇಕೆ ಏಪ್ರಿಲಲ್ಲಿ ಹಾರ್ತಿದ್ದಂಗೇ ಇಂಜಿನ್ಗೆ ಬೆಂಕಿ. ಪೈಲಟ್ಟು ಗಟ್ಟಿಗ, ಇಳಿಸ್ಬುಟ್ಟ. ಹಿಂದ್ಲೋನ ಕೈ ಸುಟ್ಟಿತ್ತು. ಅಲ್ಲಿಗೇ ಯಾರೂ ಅದ ಹತ್ತಕ್ಕೆ ಒಪ್ತಿರ್ಲಿಲ್ಲ. ನಮ್ಮ ಬೆಂಗಳೂರ ಕಡೆಗೆ ಸಾಗ್ಹಾಕಿದ್ರು."

"ನಮ್ಮೋರು ಅದ ಕುಂಟಿ ಅಂತಿದ್ರು," ಎಂದ ಚೆಲುವಯ್ಯ. "ನಮ್ಮ ಹತ್ರ ಬಂದ್ ಮ್ಯಾಲೆ ರಾಗಿ ಹೊಲುಕ್ಕೆ ನುಗ್ತಲ್ಲ, ಅದ ಯೋಳಿ."

"ಅದು ನಲವತ್ತೈದು, ಬ್ರೇಕು ಇಡೀನಿಲ್ಲ. ಅದಕ್ಕಿಂತ ಮೊದ್ಲು ಇನ್ನೊಂದದ." ಪುಟ್ಟಮಲ್ಲಪ್ಪನ ದನಿ ಸ್ವಲ್ಪ ನಿಧಾನವಾಯಿತು. "ನಲವತ್ನಾಕು ಸೆಪ್ಟೆಂಬರು. ಸುಮ್ನೆ ನಿಂತಿತ್ತು. ಪೆಟ್ರೋಲ್ ಲಾರಿಯೋನು ಹಿಂದಕ್ಕೆ ಬಂದು ಬಾಲುಕ್ಕೆ ಗುದ್ದುಬುಟ್ಟ. ಬಾಲ ಮೈಗೆ ಸೇರೋ ಕಡೆ ಬಿರುಕು ಬಿಡ್ತು. ಹೊಸ ಬಾಲ ಹಾಕ್ಬೇಕು ಅಂತ ಇಂಜಿನಿಯರ್ ಆಫೀಸರ್ ಬರೆದ್ರು. ಹೊಸದು ಎಲ್ಲಿತ್ತು? ಬಿರುಕಿನ ಮ್ಯಾಲೆ ತಗಡು ಇಟ್ಟು ರಿವೆಟ್ ಹೊಡೆದ್ರು. ಇನ್ನು ಆರ್ ತಿಂಗಳು ಓಡ್ಲಿ, ಆಮೇಲೆ ತೆಗೆದಾಕನ ಅಂದ್ರು."

"ಆರ್ ತಿಂಗಳಿಗೆ ತೆಗೆದ್ರಾ?" ಗುರುಪಾದಸ್ವಾಮಿ ಕೇಳಿದ.

"ಒಂಬತ್ನೇ ತಿಂಗಳಿಗೆ ಬಿತ್ತು."

ಮದ್ದೂರು ಚೆಕ್‌ಪೋಸ್ಟ್ ದಾಟಿ ಎರಡು ಮೈಲಿಯ ಮೇಲೆ ಜೀಪು ನಿಂತಿತು. ಅಲ್ಲಿಂದ ನಡಿಗೆ. ರಾಜಣ್ಣ ಮುಂದೆ ಹೋಗಿ ಆನೆಯ ಲದ್ದಿ ಮುಟ್ಟಿ ನೋಡಿ, ನಿನ್ನೆಯದು, ನೀವು ಬರಬಹುದು ಎಂದ. ಸುಟ್ಟ ನೆಲದಿಂದ ಬೂದಿ ಎದ್ದು ಪುಟ್ಟಮಲ್ಲಪ್ಪನ ಬಿಳಿ ಪಂಚೆ ಮಂಡಿಯವರೆಗೆ ಕಪ್ಪಾಯಿತು. ಒಂದು ಕಡೆ ಇಳಿಜಾರಿನಲ್ಲಿ ಅವನ ಕಾಲು ಜಾರಿದಾಗ ಚೆಲುವಯ್ಯ ರಟ್ಟೆ ಹಿಡಿದು ನಿಲ್ಲಿಸಿದ. ನೆಲ ಸಮವಾದ ಕೂಡಲೇ ಬಿಟ್ಟ. ಒಂದೂವರೆ ಗಂಟೆ ನಡೆದ ಮೇಲೆ ಹಳ್ಳ ಸಿಕ್ಕಿತು.

ಬಾಲ ರಾಜಣ್ಣ ಹೇಳಿದ ಹಾಗೆಯೇ ಇತ್ತು. ಎರಡೂ ಪಕ್ಕದ ಸಣ್ಣ ರೆಕ್ಕೆಗಳಲ್ಲಿ ಒಂದು ಮುರಿದಿತ್ತು. ಮೇಲಕ್ಕೆ ಚಾಚಿದ ಭಾಗ ಬೆಂಕಿಯ ಝಳಕ್ಕೆ ಸುರುಟಿಕೊಂಡಿತ್ತು. ಚೆಲುವಯ್ಯ ಹತ್ತು ಹೆಜ್ಜೆ ದೂರದಲ್ಲೇ ನಿಂತ. ಅವನು ಅಂಗಡಿಯಿಂದ ಸ್ಕ್ರೂ ಡ್ರೈವರ್, ಸೀಮೆಎಣ್ಣೆ, ಟಾರ್ಚು ತಂದಿದ್ದ. ಆ ಚೀಲವನ್ನು ಪುಟ್ಟಮಲ್ಲಪ್ಪನ ಮುಂದೆ ಇಟ್ಟ.

"ಎಡಗಡೆ ಮುಚ್ಚಳ. ನಾಕು ಸ್ಕ್ರೂ. ನೀವೇ ನೋಡಿ," ಎಂದು, ಒಂದು ಕಲ್ಲಿನ ಮೇಲೆ ಹಳ್ಳದ ಕಡೆಗೆ ಮುಖ ಮಾಡಿ ಕೂತ.

ಮುಚ್ಚಳ ತೆಗೆಯಲು ಅರ್ಧ ಗಂಟೆ ಹಿಡಿಯಿತು. ಎರಡು ಸ್ಕ್ರೂ ಸೀಮೆಎಣ್ಣೆಗೆ ಬಂದವು. ಉಳಿದವನ್ನು ರಾಜಣ್ಣ ಕತ್ತಿಯ ಬೆನ್ನಿನಿಂದ ಮೀಟಿದ. ಒಳಗಿನಿಂದ ಒಣ ಎಲೆ, ಹಳೆಯ ಇರುವೆ ಗೂಡು ಉದುರಿದವು. ಪುಟ್ಟಮಲ್ಲಪ್ಪ ಕೈಕೋಲು ಕೆಳಗಿಟ್ಟು, ಮಂಡಿಯೂರಿ, ಟಾರ್ಚು ಹಿಡಿದು ತಲೆ ಒಳಗೆ ಹಾಕಿದ. ಬಹಳ ಹೊತ್ತು ಹಾಗೆಯೇ ಇದ್ದ. ಹೊರಗೆ ತೆಗೆದಾಗ ಹಣೆಯ ವಿಭೂತಿ ಅಳಿಸಿ ಕರಿ ಮೆತ್ತಿತ್ತು.

"ನೋಡಿದ್ರಾ?" ಚೆಲುವಯ್ಯ ತಿರುಗದೆ ಕೇಳಿದ.

"ನೋಡ್ದೆ."

"ತಂತಿ ಅದಾ?"

"ಅದ."

ಚೆಲುವಯ್ಯ ಎದ್ದು ಬರುತ್ತಾನೆ ಎಂದು ನಾಗಮಣಿ ಕಾದಳು. ಅವನು ಏಳಲಿಲ್ಲ.

"ನೀವು ಆವತ್ತೂ ನೋಡ್ದೆ ಅಂದ್ರಿ," ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. "ಅಮ್ಮಿ, ನೀನು ನೋಡು. ಏನ್ ಕಂಡ್ರೆ ಅದ ಯೋಳು."

ನಾಗಮಣಿ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಒಳಗೆ ನೋಡಿದಳು. ಅವಳಿಗೆ ಯಾವುದರ ಹೆಸರೂ ಗೊತ್ತಿರಲಿಲ್ಲ. ಕಂಡದ್ದನ್ನು ಕಂಡ ಹಾಗೆ ಹೇಳುತ್ತಾ ಹೋದಳು. "ಒಂದು ಕಂಬಿ ಹಗ್ಗ ಇದೆ ಅಪ್ಪ, ತುಕ್ಕು ಹಿಡಿದಿದೆ. ಮುಂದಕ್ಕೆ ಹೋಗಿ ತುಂಡಾಗಿದೆ, ತುದಿ ಪೊರಕೆ ಥರ ಬಿಚ್ಕಂಡಿದೆ. ಹಗ್ಗದ ಮಧ್ಯೆ ಒಂದು ಗೇಣುದ್ದ ಕೊಳವೆ ಇದೆ. ಅದರ ಮೇಲೆ ಹಸಿರು ಬಣ್ಣದ ಸಣ್ಣ ತಂತಿ ಸುತ್ತಿದೆ. ಈ ಕಡೆಯಿಂದ ಆ ಕಡೆಗೆ ಹೋಗಿ ಮತ್ತೆ ಈ ಕಡೆಗೆ ಬಂದಿದೆ."

"ತುದಿ ಹೆಂಗದ? ಹೊರಕ್ಕೆ ಅದಾ?"

"ಇಲ್ಲ. ಒಳಕ್ಕೆ ಮಡಿಸಿದೆ. ಎರಡೂ ತುದಿ. ಕೊಕ್ಕೆ ಥರ."

ಹಿತ್ತಾಳೆ ತಂತಿಯ ತುದಿ ಒಮ್ಮೆ ಬೆರಳಿಗೆ ಆಳವಾಗಿ ಚುಚ್ಚಿದ ಮೇಲೆ ಚೆಲುವಯ್ಯ ಪ್ರತಿ ಸಲ ತುದಿಯನ್ನು ಒಳಕ್ಕೆ ಮಡಿಸುತ್ತಿದ್ದ. ಆ ನಿಲ್ದಾಣದಲ್ಲಿ ಹಾಗೆ ಮಾಡುತ್ತಿದ್ದವನು ಅವನೊಬ್ಬನೇ. ಈಗ ಅವನು ಎದ್ದು ಬಂದು, ಮಗಳ ಕೈಯಿಂದ ಟಾರ್ಚು ತೆಗೆದುಕೊಂಡು, ತಾನೂ ನೋಡಿದ. ನೋಡಿ ಸಾಲದೆ ಕೈ ಒಳಗೆ ಹಾಕಿ ಬೆರಳಿನಿಂದ ಸವರಿದ. ಕೈ ಹೊರಗೆ ತೆಗೆದು, ಬೆರಳಿಗೆ ಅಂಟಿದ ಹಿತ್ತಾಳೆಯ ಹಸಿರು ಕಿಲುಬನ್ನು ಅಂಗಿಗೆ ಒರೆಸಿಕೊಂಡ.

ಬಾಲ ಮೈಯಿಂದ ಕಿತ್ತುಕೊಂಡಿದ್ದ ಅಂಚನ್ನು ಪುಟ್ಟಮಲ್ಲಪ್ಪ ಅಷ್ಟರಲ್ಲಿ ನೋಡುತ್ತಿದ್ದ. ಅಲ್ಲಿ ಆ ಬಿರುಕು ಮುಚ್ಚಿದ ತಗಡು ಇನ್ನೂ ಇತ್ತು. ಅದರ ಪಕ್ಕದ ರಿವೆಟ್ ಸಾಲು, ಅಂಚೆಚೀಟಿ ಹರಿದ ಹಾಗೆ, ತೂತಿನಿಂದ ತೂತಿಗೆ ಹರಿದಿತ್ತು. ತಿಂಗಳುಗಟ್ಟಲೆ ಹಿಂದೆ ಎಳೆದಾಡಿದ ಆ ಬಟ್ಟೆ ಚೀಲದ ಭಾರ, ಅದರ ಮೇಲೆ ಮೋಡದೊಳಗಿನ ಕುಲುಕಾಟ. ಬಾಲವೇ ಕಿತ್ತು ಬಿದ್ದಿತ್ತು. ಹಗ್ಗ ತುಂಡಾದದ್ದು ಆಮೇಲೆ. ಅವನು ಅದನ್ನು ಕೋಲಿನಿಂದ ತೋರಿಸಿ ಗುರುಪಾದಸ್ವಾಮಿಗೆ ವಿವರಿಸಿದ. ಚೆಲುವಯ್ಯನೂ ಬಂದು ನೋಡಿ, ಹೌದು, ಇದೇ ಎಂದ.

"ಹಂಗಾದ್ರೆ ಇಬ್ರದೂ ತಪ್ಪಿಲ್ಲ ಅಂತಾಯ್ತಲ್ಲ," ಎಂದ ಗುರುಪಾದಸ್ವಾಮಿ, ಸಮಾಧಾನವಾಗಲಿ ಎಂದು.

ಪುಟ್ಟಮಲ್ಲಪ್ಪ ಕೋಲಿನ ಮೇಲೆ ಎರಡೂ ಕೈ ಊರಿದ. "ಇಮಾನ ಬೀಳಿಸಿದ್ದು ಇಬ್ರದೂ ಅಲ್ಲ," ಎಂದ. ಆಮೇಲೆ ಚೆಲುವಯ್ಯನ ಕಡೆ ತಿರುಗಿದ. "ನಾನು ನೋಡ್ನಿಲ್ಲ ಕಣಪ್ಪ ಆವತ್ತು. ಊಟದ ಗಂಟೆ ಹೊಡೆದಿತ್ತು. ಸುಮ್ನೆ ಸಹಿ ಹಾಕ್ಬುಟ್ಟೆ. ವಿಚಾರ್ಣೇಲಿ ನೋಡ್ನಿಲ್ಲ ಅಂದಿದ್ರೆ ನನ್ನ ಪಟ್ಟಿ ಕೀಳೋರು. ನೋಡಿದ್ದೆ, ಇತ್ತು, ಅಂತಷ್ಟೆ ಅಂದಿದ್ರೆ ಹಂಗಾದ್ರೆ ಇಮಾನ ಯಾಕ್ ಬಿತ್ತು ಅಂತ ನನ್ನೇ ಕೇಳೋರು. ಅದ್ಕೆ ನೀನು ಮತ್ತೆ ಬಿಚ್ದೆ ಅಂತ ಕಟ್ಟಿ ಯೋಳ್ದೆ."

"ನೀವು ನೋಡ್ನಿಲ್ಲ ಅಂತ ನಂಗೆ ಆವತ್ತೇ ಗೊತ್ತಿತ್ತು," ಎಂದ ಚೆಲುವಯ್ಯ. "ನಾನು ಮುಚ್ಚಳ ಹಾಕ್ದೆ ಕಾಯ್ತಾ ಕುಂತಿದ್ದಿ. ನೀವು ದೂರ್ದಿಂದ್ಲೇ ಮುಚ್ಚಾಕು ಅಂದ್ರಿ."

"ಯಾಕೆ ಯೋಳ್ನಿಲ್ಲ ಅಲ್ಲಿ?"

"ಯೋಳುದ್ರೆ ನಂಬರಾ?"

"ತಪ್ಪಾಯ್ತು ಕಣೋ," ಎಂದ ಪುಟ್ಟಮಲ್ಲಪ್ಪ.

"ಕೆಲ್ಸ ಓಯ್ತು, ಓಗ್ಲಿ. ಊರಲ್ಲಿ ನಗಾಡಿದ್ರು, ಅದೂ ಓಗ್ಲಿ. ನನ್ನ ಕೈ ಮ್ಯಾಲೆ ನಂಗೇ ನಂಬ್ಕೆ ಓಗಿತ್ತಲ್ಲ ಕಾರ್ಪ್ರಲ್ಲು, ಅದ್ಕೆ ಯಾರ್ನ ಕೇಳ್ಲಿ?" ಎಂದು ಚೆಲುವಯ್ಯ ಚೀಲದೊಳಕ್ಕೆ ಸ್ಕ್ರೂ ಡ್ರೈವರ್ ಹಾಕಿಕೊಂಡ. ಆಮೇಲೆ, "ಬರ್ದುಕೊಡಿ. ಈಗ ಯೋಳಿದ್ದ ಹಂಗೇ ಬರ್ದುಕೊಡಿ. ಅಷ್ಟು ಸಾಕು," ಎಂದ.

ಹೊರಡುವ ಮೊದಲು ಅವನು ಮುಚ್ಚಳವನ್ನು ಮತ್ತೆ ಅದರ ಜಾಗದಲ್ಲಿಟ್ಟು, ಬಂದ ಎರಡು ಸ್ಕ್ರೂಗಳನ್ನು ಹಾಕಿ ಬಿಗಿ ಮಾಡಿದ.

ಅಂದೇ ಮಧ್ಯಾಹ್ನ ಗುಂಡ್ಲುಪೇಟೆಯ ಕಚೇರಿಯಲ್ಲಿ ಪುಟ್ಟಮಲ್ಲಪ್ಪ ಹೇಳಿದ, ನಾಗಮಣಿ ಟೈಪ್ ಮಾಡಿದಳು. ಒಂದು ಕಡೆ ಅವನು "ಪರಿಶೀಲನೆಯಲ್ಲಿ ಲೋಪವಾಗಿರಬಹುದು" ಎಂದ. ಅವಳು ಕೈ ನಿಲ್ಲಿಸಿ ಅವನನ್ನು ನೋಡಿದಳು. ಅವನು ಗೋಡೆಯ ಕ್ಯಾಲೆಂಡರ್ ಕಡೆ ತಿರುಗಿ, "ನಾನು ನೋಡದೆ ಸಹಿ ಮಾಡಿದೆ, ವಿಚಾರಣೆಯಲ್ಲಿ ಸುಳ್ಳು ಹೇಳಿದೆ ಅಂತ ಹಾಕವ್ವ," ಎಂದ. ಮೂರು ಪ್ರತಿಗೂ ಪೂರ್ತಿ ಓದಿ ಸಹಿ ಮಾಡಿದ. ಗುರುಪಾದಸ್ವಾಮಿ ಸಾಕ್ಷಿ ಹಾಕಿದ. ಒಂದು ಪ್ರತಿ ಇಲಾಖೆಯ ಕಡತಕ್ಕೆ, ಒಂದು ವಾಯುಪಡೆಗೆ, ಒಂದು ಚೆಲುವಯ್ಯನಿಗೆ.

ಕುದೇರಿನಲ್ಲಿ ಮಗ ಸೋಮೇಶನಿಗೆ ಇದು ಹಿಡಿಸಲಿಲ್ಲ. ಐವತ್ತು ವರ್ಷದ ಹಿಂದಿನದನ್ನು ಈಗ ಕೆದಕಿ ಮನೆತನದ ಮರ್ಯಾದೆ ಕಳೆದಿರಿ ಎಂದು ರೇಗಿದ. ಆ ವರ್ಷ ಆಗಸ್ಟ್‌ನಲ್ಲಿ ಸ್ಕೂಲಿನವರು ಕರೆಯಲು ಬಂದಾಗ, ಪುಟ್ಟಮಲ್ಲಪ್ಪ ಬೇರೆ ಯಾರನ್ನಾದರೂ ಕರೆಯಿರಿ ಎಂದು ಹೇಳಿ ಕಳಿಸಿದ.

ವಾಯುಪಡೆಯಿಂದ ಉತ್ತರ ಬರಲು ಹತ್ತು ತಿಂಗಳಾಯಿತು. ಯುದ್ಧಕಾಲದ ಆ ಘಟಕದ ದಾಖಲೆಗಳು ಲಭ್ಯವಿಲ್ಲದ ಕಾರಣ ವಜಾ ಆದೇಶವನ್ನು ಮರುಪರಿಶೀಲಿಸಲು ಸಾಧ್ಯವಿಲ್ಲವೆಂದು ಮೂರು ಸಾಲು. ನಾಗಮಣಿ ಅಪ್ಪನಿಗೆ ಓದಿ ಹೇಳಿದಳು, ಮೇಲ್ಮನವಿ ಹಾಕೋಣ ಎಂದಳು. ಚೆಲುವಯ್ಯ ಬೇಡವೆಂದ. ಪುಟ್ಟಮಲ್ಲಪ್ಪ ಬರೆದುಕೊಟ್ಟ ಕಾಗದವನ್ನು ಮಾತ್ರ ಬೀದಿಯ ನಾಲ್ಕು ಜನಕ್ಕೆ ತಾನೇ ಓದಿಸಿದ. ಹೆಸರು ಅಳಿಯಲಿಲ್ಲ, ಏರೋಪ್ಲೇನ್ ಚೆಲುವಯ್ಯ ಎನ್ನುವುದು ಮುಂದುವರಿಯಿತು. ಎದುರಿಗೇ ಕರೆಯತೊಡಗಿದರು, ಅವನೂ ಓಗೊಡತೊಡಗಿದ. ಬಾಲವನ್ನು ತೆಗೆಯಲು ಕಾಡಿನ ಕಾನೂನಿನಲ್ಲಿ ಅವಕಾಶವಿರಲಿಲ್ಲವಾದ್ದರಿಂದ ಅದು ಅಲ್ಲೇ ಉಳಿಯಿತು. ಎರಡು ಮಳೆಗಾಲದ ಮೇಲೆ ಹೊಸ ಬಿದಿರು ಎದ್ದು ಮತ್ತೆ ಕಾಣದಾಯಿತು ಎಂದು ರಾಜಣ್ಣ ಹೇಳಿದ.

ಪುಟ್ಟಮಲ್ಲಪ್ಪ ಆಮೇಲೆ ಎರಡು ಸಲ ಗುಂಡ್ಲುಪೇಟೆಗೆ ಬಂದ. ಅಂಗಡಿಯ ಸ್ಟೂಲಿನ ಮೇಲೆ ಕೂತು ಚೆಲುವಯ್ಯ ಕೆಲಸ ಮಾಡುವುದನ್ನು ನೋಡುತ್ತಿದ್ದ. ಒಂದು ಸಲ ಆ ಪಂಜಾಬಿ ಸಿಪಾಯಿಯ ಹೆಸರು ಇಬ್ಬರಿಗೂ ನೆನಪಾಗದೆ ಒಂದು ಗಂಟೆ ಯೋಚಿಸಿದರು; ಬಸ್ಸಿನ ಹೊತ್ತಾಯಿತು, ಹೆಸರು 'ಸ'ಕಾರದಿಂದ ಶುರುವಾಗುತ್ತಿತ್ತು ಎನ್ನುವಲ್ಲಿಗೆ ಬಿಟ್ಟರು.

1998ರಲ್ಲಿ ಪುಟ್ಟಮಲ್ಲಪ್ಪ ತೀರಿಕೊಂಡ. ಸುದ್ದಿ ಗುಂಡ್ಲುಪೇಟೆಗೆ ಬಂದದ್ದು ಒಂದು ವಾರದ ಮೇಲೆ, ಸೊಸೆ ರೂಪಶ್ರೀ ನಾಗಮಣಿಗೆ ಬರೆದ ಕಾರ್ಡಿನಿಂದ. ನಾಗಮಣಿ ಅಂಗಡಿಗೆ ಬಂದು ಹೇಳಿದಾಗ ಚೆಲುವಯ್ಯನ ಮುಂದೆ ಬೇಗೂರಿನ ರೈತನೊಬ್ಬ ಪಂಪು ಹಿಡಿದುಕೊಂಡು ಕೂತಿದ್ದ. ಚೆಲುವಯ್ಯ ಅವನ ಕೆಲಸ ಮುಗಿಸಿಕೊಟ್ಟ. ಆಮೇಲೆ ಕೈ ತೊಳೆದು, ಇನ್ನೂ ಮೂರು ಗಂಟೆಯಾಗಿದ್ದರೂ ಅಂಗಡಿಯ ಬಾಗಿಲೆಳೆದು, ಮಗಳ ಜೊತೆ ಮನೆಯ ಕಡೆ ನಡೆದ.